ದಫ್ತರವೂ ಮನೆಯ ಕದವೂ

ಮಲಪ್ರಭೆಯ ದಂಡೆಯ ಮೇಲಿರುವ ಕೊಣ್ಣೂರು ಗ್ರಾಮದ ಪರಮೇಶ್ವರ ದೇವಾಲಯದಲ್ಲಿ ದೊರೆತ ಶಿಲಾಶಾಸನವು ಕರ್ಣಾಟಕದ ಇತಿಹಾಸಜ್ಞರಿಗೆಲ್ಲ ಪರಿಚಿತವಾದುದು. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷನು ತನ್ನ ಸಾಮಂತನಾದ ಬಂಕೇಯನ ಬಿನ್ನಹದ ಮೇರೆಗೆ, ಶಕ 782 ಅಂದರೆ ಕ್ರಿ.ಶ. 860ರಲ್ಲಿ, ಕೊಳನೂರಿನ ಜಿನಾಲಯಕ್ಕಾಗಿ ದೇವೇಂದ್ರ ಮುನಿಗೆ ತಲೆಯೂರೆಂಬ ಗ್ರಾಮವನ್ನೂ ಬೇರೆ ಊರುಗಳಲ್ಲಿ ಕೆಲವು ಭೂಮಿಯನ್ನೂ ದತ್ತಿಯಾಗಿ ಬಿಟ್ಟ ಸಂಗತಿಯನ್ನು ಅದು ತಿಳಿಸುತ್ತದೆ. ಕೊಳನೂರೆಂಬುದೇ ಇಂದಿನ ಕೊಣ್ಣೂರು. ದತ್ತಿಯ ಮೂಲಪತ್ರವು ತಾಮ್ರಪಟದ ಮೇಲೆ ಇದ್ದಿತು. ಸುಮಾರು ಮೂರು ಶತಮಾನಗಳು ಕಳೆದ ಬಳಿಕ, ಕೊಳನೂರಿನ ಮಹಾಪ್ರಭುವಾದ ಹುಲಿಯಮರಸನ ಕೋರಿಕೆಯಂತೆ ವೀರನಂದಿ ಮುನಿಯು ಅದನ್ನು ಕಲ್ಲಿನ ಮೇಲೆ ಬರೆಯಿಸಿದನೆಂದು ಶಾಸನದ ಉತ್ತರಭಾಗದಿಂದ ತಿಳಿದುಬರುತ್ತದೆ. ಪೆಟ್ಟಿಗೆಯೊಳಗಿದ್ದ ಪತ್ರವು ಹೀಗೆ ಊರ ಕಣ್ಣೆದುರಿಗೆ ಬಂದು ನಿಂತಿತು.

ಈ ಬರವಣಿಗೆಯಲ್ಲಿ ಬರೆಯಲ್ಪಟ್ಟವನು ಅರಸನು, ಓದತಕ್ಕವರು ಪ್ರಜೆಗಳು. ಅರಸನು ಏನು ಕೊಟ್ಟನು, ಯಾರಿಗೆ ಕೊಟ್ಟನು, ಎಲ್ಲೆ ಎಲ್ಲಿಯದು ಎಂಬುದನ್ನು ಹಾದಿಹೋಕನೂ ಓದಿಕೊಳ್ಳಬಹುದು. ದಫ್ತರವೆಂಬುದು ಇದಕ್ಕೆ ವಿಪರೀತವಾದ ಬರವಣಿಗೆ. ಅದರಲ್ಲಿ ಬರೆಯಲ್ಪಡುವವನು ಪ್ರಜೆ, ಓದುವವನು ಅಧಿಕಾರಿ, ಬರೆಯಲ್ಪಟ್ಟವನಿಗೆ ತನ್ನ ಹೆಸರಿನ ಮುಂದೆ ಏನಿದೆಯೆಂಬುದು ಬಹುಶಃ ಕೊನೆಯವರೆಗೂ ತಿಳಿಯುವದಿಲ್ಲ. ಇಂದು ಕೈಯಲ್ಲಿ ಹಿಡಿಯುವ ಮೊಬೈಲು ಯಂತ್ರವು ಮನೆಮನೆಯಲ್ಲಿಯೂ ಇಂಥದೊಂದು ದಫ್ತರವನ್ನು ತೆರೆದಿರುವದರಿಂದ, ಆ ಎರಡನೆಯ ಬಗೆಯ ಬರವಣಿಗೆಯು ಈ ಸೀಮೆಯಲ್ಲಿ ನಡೆದುಬಂದ ದಾರಿಯನ್ನು ಸ್ಥೂಲವಾಗಿ ನೋಡುವದು ಅಪ್ರಸ್ತುತವಾಗಲಾರದು.

ಪ್ರಜೆಗಳನ್ನು ಎಣಿಸಿ ಬರೆದಿಡುವ ಪದ್ಧತಿಯು ಪರದೇಶದವರಿಂದ ಬಂದುದೆಂದು ಕೆಲವರು ಹೇಳುವರು. ಅದು ಸರಿಯಲ್ಲ. ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿದ್ದ ವಿದ್ವಾನ್ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಿಂದ ಬಿಡಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಪನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಐದು ಅಥವಾ ಹತ್ತು ಗ್ರಾಮಗಳು ಅವನ ವಶದಲ್ಲಿರುವವು. ಪ್ರತಿಯೊಂದು ಮನೆಯ ಸ್ತ್ರೀಪುರುಷರೆಷ್ಟು, ಬಾಲರೆಷ್ಟು, ವೃದ್ಧರೆಷ್ಟು, ಅವರ ಉದ್ಯೋಗವೇನು, ನಡತೆಯೆಂಥದು, ಆದಾಯವೆಷ್ಟು, ವೆಚ್ಚವೆಷ್ಟು ಎಂಬುದೆಲ್ಲ ಅವನಿಗೆ ತಿಳಿದಿರಬೇಕು. ಅವನು ಬರೆದುದು ನಿಜವೋ ಸುಳ್ಳೋ ಎಂಬುದನ್ನು ಒಕ್ಕಲಿಗರ ವೇಷದ ಗೂಢಪುರುಷರು ಪರೀಕ್ಷಿಸುವರು. ನಗರದಲ್ಲಿ ಧರ್ಮಛತ್ರದವನು ಕೂಡ ತನ್ನಲ್ಲಿ ಇಳಿದುಕೊಂಡವರ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸಬೇಕು. ಗುಪ್ ಧಾತುವಿಗೆ ರಕ್ಷಿಸುವದು ಎಂಬುದೇ ಅರ್ಥವು; ಗುಪ್ತ, ಗೋಪ್ಯ ಎಂಬ ಶಬ್ದಗಳು ಹುಟ್ಟಿದುದೂ ಅದರಿಂದಲೇ. ಗೋಪ ಶಬ್ದವನ್ನು ವೈಯಾಕರಣರು ಬೇರೆ ರೀತಿಯಾಗಿ ಸಾಧಿಸುವರಾದರೂ, ಮರೆಮಾಡುವದೂ ಕಾಪಾಡುವದೂ ಒಂದೇ ಧಾತುವಿನೊಳಗೆ ಇರುವದು ನಮ್ಮ ಭಾಷೆಯ ಒಂದು ಸೊಗಸು. ಕೌಟಿಲ್ಯನ ಗೋಪನು ಮಾತ್ರ ಕಾಪಾಡುವದಕ್ಕಾಗಿ ಏನನ್ನೂ ಮರೆಯಲ್ಲಿ ಉಳಿಯಗೊಡದವನು.

ಅರ್ಥಶಾಸ್ತ್ರದ ವಿಧಿಗಳು ಎಷ್ಟರಮಟ್ಟಿಗೆ ಆಚರಣೆಯಲ್ಲಿದ್ದವೆಂಬುದು ವಿವಾದದ ವಿಷಯವು. ಈ ಸೀಮೆಯ ಜನರಿಗೆ ದಫ್ತರದ ಬಿಸಿ ನಿಜವಾಗಿ ತಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ. ಮುಂಬಯಿ ಇಲಾಖೆಯಲ್ಲಿ 1852ರ ಕಾಯಿದೆಯ ಮೂಲಕ ಇನಾಮು ಕಮಿಶನ್ನಿಗೆ ಪೂರ್ಣಾಧಿಕಾರವು ದೊರೆಯಿತು. ತಲೆತಲಾಂತರದಿಂದ ಭೂಮಿಯನ್ನು ಉಣ್ಣುತ್ತ ಬಂದವರು ತಮ್ಮ ಸನ್ನದುಗಳನ್ನು ತಂದು ತೋರಿಸಬೇಕಾಯಿತು. ಸನ್ನದು ಸುಟ್ಟುಹೋಗಿರಬಹುದು, ಹುಳ ತಿಂದಿರಬಹುದು, ಮೊದಲೇ ಇರದಿದ್ದರೂ ಇರಬಹುದು. ಕಾಗದವಿಲ್ಲದವನಿಗೆ ಹಕ್ಕಿಲ್ಲವೆಂಬುದು ಕಮಿಶನ್ನಿನವರ ತರ್ಕವು. ದಕ್ಷಿಣ ಮರಾಠಾ ಪ್ರಾಂತವೆಂದು ಆಗ ಕರೆಯಲ್ಪಡುತ್ತಿದ್ದ ಧಾರವಾಡ ಬೆಳಗಾವಿಗಳ ಭಾಗದಲ್ಲಿ ಬಹುಜನರ ಇನಾಮುಗಳು ಜಪ್ತಾದವು. ಎಲ್ಲರಿಗೂ ಕೊಣ್ಣೂರಿನವರಂತೆ ಕಲ್ಲಿನ ಮೇಲಿನ ಸನ್ನದು ಇರುವದಿಲ್ಲವಷ್ಟೆ!

ಇದರ ಬೆನ್ನಿಗೇ 1857ರ ಶಸ್ತ್ರಾಸ್ತ್ರ ಕಾಯಿದೆಯು ಬಂದಿತು. ಮನೆಯೊಳಗಿನ ಆಯುಧಗಳನ್ನು ದಾಖಲೆ ಮಾಡಿಸಿ ಪರವಾನಗಿ ಪಡೆಯಬೇಕು, ಇಲ್ಲವೆ ಒಪ್ಪಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದನ್ನು ಒಪ್ಪಲಿಲ್ಲ. ಅದೇ ವರ್ಷದ ನವಂಬರದಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು; ಹಿಡಿದವರಲ್ಲಿ ಅನೇಕರನ್ನು ಗಲ್ಲಿಗೇರಿಸಿದರು. ಆ ಕಥೆಯು ಲಾವಣಿಯಾಗಿ ಇಂದಿಗೂ ಉಳಿದಿದೆ.

ನರಗುಂದದ ಸಂಗತಿಯು ಇನ್ನೂ ಸೂಕ್ಷ್ಮವಾದುದು. ಅಲ್ಲಿಯ ಸಂಸ್ಥಾನಿಕನಾದ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಸಂಸ್ಕೃತ ಗ್ರಂಥಗಳ ಬಲು ದೊಡ್ಡ ಭಂಡಾರವನ್ನು ಕೂಡಿಸಿದ್ದ ವಿದ್ಯಾಪ್ರಿಯನು. ಅವನಿಗೆ ಔರಸಪುತ್ರನಿರಲಿಲ್ಲ. ದತ್ತಕಕ್ಕೆ ಅನುಮತಿಯನ್ನು ಕೇಳಿದಾಗ ಸರಕಾರವು ನಿರಾಕರಿಸಿತು. ಮಗನಿಲ್ಲದ ಮನೆಗೆ ಮಗನನ್ನು ತಂದುಕೊಳ್ಳುವದು ಶಾಸ್ತ್ರಸಮ್ಮತವಾದ ಕರ್ಮವು, ಪಿಂಡೋದಕಗಳ ವಿಷಯವು, ಮನೆಯ ಒಳಗಿನ ಒಳಗಿನ ಮಾತು. ಅದಕ್ಕೂ ಹೊರಗಿನವರ ಸಹಿ ಬೇಕೆಂದಾಗ ಮನೆಯ ಕದವು ಉಳಿಯಿತೆಂದು ಹೇಳುವದೆಂತು? ರಾಜ್ಯಲೋಭವೊಂದೇ ಬಾಬಾಸಾಹೇಬನ ದಂಗೆಗೆ ಕಾರಣವೆಂದು ಬರೆದ ಆಂಗ್ಲ ಲೇಖಕರು ಈ ಅಂಶವನ್ನು ಅಷ್ಟಾಗಿ ತೂಗಿದಂತೆ ಕಾಣುವದಿಲ್ಲ. ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ನನು ರಾಮದುರ್ಗದ ಸಂಸ್ಥಾನಿಕನ ಎಚ್ಚರಿಕೆಯನ್ನು ಕಡೆಗಣಿಸಿ ಹೊರಟು, 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಕೊಲ್ಲಲ್ಪಟ್ಟನು. ಜೂನ್ ಮೊದಲಿನಲ್ಲಿಯೇ ನರಗುಂದದ ಕೋಟೆಯು ಬಿದ್ದಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಅದರ ಮರುತಿಂಗಳಲ್ಲಿ, ಅಂದರೆ 1858ರ ಜುಲೈಯಲ್ಲಿ, ಬಂಗಾಲದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಅಧಿಕಾರಿಯು ರಸ್ತೆಯ ಸಾಮಗ್ರಿಯನ್ನು ಒದಗಿಸುವ ಗುತ್ತಿಗೆದಾರನೊಬ್ಬನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಹಿಂಬದಿಗೆ ಒತ್ತಿಸಿಕೊಂಡನು. ಒಪ್ಪಂದವನ್ನು ಆತನು ಮುಂದೆ ಅಲ್ಲಗಳೆಯಬಾರದೆಂಬ ಹೆದರಿಕೆ ಹುಟ್ಟಿಸುವದಷ್ಟೇ ಹರ್ಷಲನ ಉದ್ದೇಶವಾಗಿದ್ದಿತು. ಇದೇ ಬೆಳೆದು 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯಾಯಿತು. ಬೆರಳಚ್ಚುಗಳನ್ನು ವರ್ಗೀಕರಿಸುವ ಕ್ರಮವನ್ನು ರೂಪಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರೇ ಮುಖ್ಯರು. ಖಡ್ಗವು ಮಾಡಲಾರದ ಕಾರ್ಯವನ್ನು ಮಸಿಯು ಮಾಡತೊಡಗಿತು.

ಆ ಮಸಿಯು ಗದಗು ಹುಬ್ಬಳ್ಳಿಗಳಿಗೂ ಬಂದು ಮುಟ್ಟಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಮೊದಲು ಉತ್ತರದೇಶಕ್ಕೆ ಮಾತ್ರ ಅನ್ವಯಿಸುತ್ತಿದ್ದಿತು. 1911ರಲ್ಲಿ ಅದನ್ನು ವಿಸ್ತರಿಸಿದ ಮೇಲೆ ಮುಂಬಯಿ ಇಲಾಖೆಯ ಕರ್ಣಾಟಕ ಭಾಗದಲ್ಲಿಯೂ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿದರು. ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಇವರಿಗಾಗಿ ಸೆಟ್ಲ್‌ಮೆಂಟುಗಳು ಏರ್ಪಟ್ಟವು. ಹೆಸರು ದಾಖಲೆ, ಬೆರಳಚ್ಚು, ಹೊತ್ತುಹೊತ್ತಿಗೆ ಹಾಜರಿ, ಹೊರಗೆ ಹೋಗಬೇಕಾದರೆ ಚೀಟಿ. ಚೀಟಿಯಿಲ್ಲದೆ ಸಿಕ್ಕವನಿಗೆ ಶಿಕ್ಷೆ. ಏನನ್ನೂ ಕದಿಯದವನು ಕೂಡ ಹುಟ್ಟಿದ ತಪ್ಪಿಗಾಗಿ ದಿನವೂ ತಾನು ಇಲ್ಲಿದ್ದೇನೆಂದು ಕೂಗಿ ಹೇಳಬೇಕಾಗಿದ್ದಿತು. ಶಾಲೆ, ಗಿರಣಿಯ ಕೆಲಸ, ವಸತಿ ಇವು ದೊರೆತುವೆಂದು ಆ ವ್ಯವಸ್ಥೆಯನ್ನು ಹೊಗಳಿದವರುಂಟು, ದೊರೆತುದು ಸುಳ್ಳಲ್ಲ. ಆದರೆ ತಂತಿಯ ಬೇಲಿಯೊಳಗಿನ ಅನ್ನಕ್ಕೂ ಹೊರಗಿನ ಅನ್ನಕ್ಕೂ ರುಚಿಭೇದವುಂಟು. 1952ರಲ್ಲಿ ಕಾಯಿದೆಯು ದೇಶದಲ್ಲೆಲ್ಲ ರದ್ದಾಯಿತು. ಸೆಟ್ಲ್‌ಮೆಂಟೆಂಬ ಹೆಸರು ಗದಗು ಬೆಟಗೇರಿಯ ಜನರ ಬಾಯಲ್ಲಿ ಬಡಾವಣೆಯ ಹೆಸರಾಗಿ ಉಳಿದುಕೊಂಡಿತು.

ಇನ್ನು ವಯಸ್ಸಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು, ಏಕೆಂದರೆ ಇಂದಿನ ಜಗಳದ ಬೇರು ಅಲ್ಲಿಯೇ ಇದೆ. ಖಾನೇಸುಮಾರಿಯು 1871–72ರಲ್ಲಿ ಆರಂಭವಾದಾಗ ಎಣಿಸುವವರಿಗೆ ಎದುರಾದ ದೊಡ್ಡ ತೊಡಕು ವಯಸ್ಸಿನದೇ. ನಮ್ಮ ಜನರು ವಯಸ್ಸನ್ನು ಬರಗಾಲದಿಂದ, ಹೊಳೆ ಬಂದ ವರ್ಷದಿಂದ, ಜಾತ್ರೆಯಿಂದ ಲೆಕ್ಕ ಮಾಡುತ್ತಿದ್ದರು. ಕೇಳಿದರೆ ಇಪ್ಪತ್ತೈದು, ಮೂವತ್ತು, ನಾಲ್ವತ್ತು ಎಂದು ತುಂಬಿದ ಅಂಕಿಯನ್ನು ಹೇಳುವರು. ಹೀಗಾಗಿ ಖಾನೇಸುಮಾರಿಯ ಕೋಷ್ಟಕಗಳಲ್ಲಿ ಐದರ ಹತ್ತರ ಮಡಿಗಳ ಮೇಲೆ ಜನರೆಲ್ಲ ಗುಂಪುಗಟ್ಟಿ ನಿಂತಂತೆ ಕಾಣುವದು. ಮುಂದೆ ಶಾಲೆಗಳು ಬಂದಾಗ ಈ ತೊಡಕನ್ನು ಮಾಸ್ತರರು ತಮ್ಮದೇ ರೀತಿಯಲ್ಲಿ ಬಿಡಿಸಿದರು. ಕೈಯನ್ನು ತಲೆಯ ಮೇಲಿಂದ ತಂದು ಎದುರಿನ ಕಿವಿಯನ್ನು ಮುಟ್ಟಬಲ್ಲ ಮಗುವು ಶಾಲೆಗೆ ಯೋಗ್ಯವು. ಅದರ ಜನ್ಮದಿನವು ಜೂನ್ 1. ಕರ್ಣಾಟಕದಲ್ಲಿ ಒಂದು ತಲೆಮಾರಿನ ಲೆಕ್ಕವಿಲ್ಲದಷ್ಟು ಜನರು ಕಾಗದದ ಪ್ರಕಾರ ಅದೇ ದಿನ ಹುಟ್ಟಿದವರು. ಜನನ ಮರಣಗಳ ನೋಂದಣಿಯ ಕಾಯಿದೆಯು ದೇಶಕ್ಕೆಲ್ಲ ಒಂದಾಗಿ ಬಂದುದು 1969ರಲ್ಲಿ. ಅಲ್ಲಿಯವರೆಗೆ, ಬಹಳ ಕಡೆಗಳಲ್ಲಿ ಅದರ ನಂತರವೂ, ವಯಸ್ಸೆಂಬುದು ಮಾಸ್ತರನ ಲೇಖನಿಯಿಂದ ಹುಟ್ಟಿದ ಸತ್ಯವು. ಇಂದು ಆಧಾರ್ ಚೀಟಿಯಲ್ಲಿ ಅಚ್ಚಾಗಿ, ಯಂತ್ರವು ಪ್ರಮಾಣವೆಂದು ನಂಬುವ ಜನ್ಮದಿನಾಂಕಗಳಲ್ಲಿ ಎಷ್ಟೋ ಹೀಗೆ ಬಂದವೇ.

ಹಾಗೆಂದು ವಯಸ್ಸನ್ನು ಕೇಳುವದೇ ಅನ್ಯಾಯವೆಂದು ಹೇಳಿದರೆ ಅದೂ ಇತಿಹಾಸಕ್ಕೆ ದ್ರೋಹವಾದೀತು. 1891ರಲ್ಲಿ ಸಮ್ಮತಿವಯಸ್ಸಿನ ಕಾಯಿದೆಯು ಬಂದಾಗ ಬಾಲಿಕೆಯರ ವಿಷಯದಲ್ಲಿ ಹತ್ತು ವರ್ಷದ ಮಿತಿಯನ್ನು ಹನ್ನೆರಡಕ್ಕೆ ಏರಿಸಿದರು. ಬಂಗಾಲದ ಫೂಲ್‌ಮಣಿಯೆಂಬ ಹತ್ತು ಹನ್ನೊಂದು ವರ್ಷದ ಹುಡುಗಿಯು ಗಂಡನ ಮನೆಯಲ್ಲಿ ಸತ್ತುದು ಆ ಕಾಯಿದೆಗೆ ಒಂದು ಕಾರಣವಾಯಿತು. ಲೋಕಮಾನ್ಯ ತಿಲಕರು ಅದನ್ನು ಬಲವಾಗಿ ವಿರೋಧಿಸಿದರು: ಪರಸರಕಾರವು ಹಿಂದೂಗಳ ಮನೆಯೊಳಕ್ಕೆ ಕಾಲಿಡಬಾರದು, ಸುಧಾರಣೆಯು ಒಳಗಿನಿಂದಲೇ ಆಗತಕ್ಕದ್ದು ಎಂಬುದು ಅವರ ಪಕ್ಷವು. ನರಗುಂದದ ದತ್ತಕದ ಸಂಗತಿಯನ್ನು ನೆನೆದವರಿಗೆ ತಿಲಕರ ಸಂಶಯವು ನಿರಾಧಾರವೆಂದು ತೋರಲಾರದು. ಆದರೆ ಕದದ ಒಳಗಡೆ ಸತ್ತದ್ದು ಒಂದು ಮಗುವು. ಮನೆಯ ಕದವು ಒಳಗಿನವರಲ್ಲಿ ದುರ್ಬಲರಾದವರನ್ನು ಬಲಿಷ್ಠರ ಕೈಗೆ ಒಪ್ಪಿಸುವ ಕದವೂ ಆಗಬಹುದೆಂಬುದನ್ನು ಆ ಕಾಲದ ಪಂಡಿತರು ಕಾಣಲಿಲ್ಲ. 1929ರ ಶಾರದಾ ಕಾಯಿದೆಯು ವಿವಾಹಕ್ಕೆ ಹೆಣ್ಣಿಗೆ ಹದಿನಾಲ್ಕು ಗಂಡಿಗೆ ಹದಿನೆಂಟು ಎಂದು ಮಿತಿ ಹಾಕಿದಾಗಲೂ ಇದೇ ವಾದವು ಮರುಕಳಿಸಿತು. ಮಕ್ಕಳ ರಕ್ಷಣೆಗಾಗಿ ವಯಸ್ಸನ್ನು ಕೇಳುವದು ಧರ್ಮವೇ. ಕೇಳಿದ ಉತ್ತರವನ್ನು ಯಾರು, ಎಲ್ಲಿ, ಎಷ್ಟು ಕಾಲ, ಬೇರೆ ಯಾವ ಕೆಲಸಕ್ಕಾಗಿ ಇಟ್ಟುಕೊಳ್ಳುವರು ಎಂಬಲ್ಲಿ ಮಾತ್ರ ಧರ್ಮಸೂಕ್ಷ್ಮವಿದೆ.

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಯು ನ್ಯಾಯಾಲಯಗಳಿಗೆ ಹೋಯಿತು. 1962ರ ಖರಕ್‌ಸಿಂಗನ ಖಟ್ಲೆಯಲ್ಲಿ, ಸಂಶಯಕ್ಕೊಳಗಾದವನ ಮನೆಯ ಬಾಗಿಲನ್ನು ಪೋಲೀಸರು ರಾತ್ರಿ ಹೊತ್ತಿನಲ್ಲಿ ಬಡಿಯುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಆದರೆ ಖಾಸಗಿತನವು ರಾಜ್ಯಘಟನೆಯು ಕೊಟ್ಟ ಹಕ್ಕಲ್ಲವೆಂದು ಬಹುಮತದವರು ಹೇಳಿದರು. ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನವಾಗಿ ಬರೆದರು. ಟಪಾಲು ತಂತಿಗಳ ವಿಷಯದಲ್ಲಿಯಂತೂ 1885ರ ಮತ್ತು 1898ರ ಬ್ರಿಟಿಷ್ ಕಾಯಿದೆಗಳೇ ನಡೆದುಬಂದವು. ಕರ್ಣಾಟಕದಲ್ಲಿಯೇ ಟೆಲಿಫೋನಿನ ಮಾತನ್ನು ಕದ್ದು ಕೇಳಿದ ಆರೋಪದ ಮೇಲೆ 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಡಬೇಕಾಯಿತು. ಟೆಲಿಫೋನಿನ ಸಂಭಾಷಣೆಯೂ ಖಾಸಗಿತನದ ಅಂಗವೆಂದು 1996ರ ಡಿಸೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿ, ಕೆಲವು ನಿರ್ಬಂಧಗಳನ್ನು ವಿಧಿಸಿತು.

ಈ ಚರಿತ್ರೆಯ ನಿರ್ಣಾಯಕ ಘಟ್ಟಕ್ಕೆ ಕಾರಣರಾದವರು ಕನ್ನಡಿಗರೊಬ್ಬರು. ಕೆ. ಎಸ್. ಪುಟ್ಟಸ್ವಾಮಿಯವರು 1926ರಲ್ಲಿ ಹುಟ್ಟಿದವರು. 1977ರಿಂದ 1986ರವರೆಗೆ ಕರ್ಣಾಟಕದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದವರು. ಆಧಾರ್ ಯೋಜನೆಯು 2009ರಲ್ಲಿ ಸರಕಾರದ ಆಜ್ಞೆಯಿಂದ ಆರಂಭವಾಯಿತು. ಮೊದಲನೆಯ ಸಂಖ್ಯೆಯನ್ನು 2010ರ ಸೆಪ್ಟಂಬರದಲ್ಲಿ ಮಹಾರಾಷ್ಟ್ರದ ತೆಂಭಲಿಯೆಂಬ ಹಳ್ಳಿಯಲ್ಲಿ ಕೊಟ್ಟರು. ಹತ್ತು ಬೆರಳುಗಳ ಅಚ್ಚು, ಎರಡು ಕಣ್ಣಪಾಪೆಗಳ ಚಿತ್ರ, ಹನ್ನೆರಡು ಅಂಕಿಗಳ ಸಂಖ್ಯೆ. ಅದಕ್ಕೆ ಸಂಬಂಧಿಸಿದ ಮಸೂದೆಯು ಪಾರ್ಲಿಮೆಂಟಿನಲ್ಲಿ ನೆನೆಗುದಿಗೆ ಬಿದ್ದಿತ್ತು. ಸ್ಥಾಯೀಸಮಿತಿಯು 2011ರಲ್ಲಿ ಅದನ್ನು ಒಪ್ಪಿರಲಿಲ್ಲ. ಕಾಯಿದೆಯೇ ಇಲ್ಲದೆ ಪ್ರಜೆಗಳ ಬೆರಳಚ್ಚನ್ನು ತೆಗೆದುಕೊಳ್ಳುವದು ಹೇಗೆಂದು ಕೇಳಿ ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿಯನ್ನು ಸಲ್ಲಿಸಿದರು. ಆಧಾರ್ ಇಲ್ಲವೆಂಬ ಕಾರಣದಿಂದ ಯಾರಿಗೂ ಸೌಲಭ್ಯವನ್ನು ತಪ್ಪಿಸಬಾರದೆಂದು 2013ರ ಸೆಪ್ಟಂಬರದಲ್ಲಿ ಮಧ್ಯಂತರ ಆಜ್ಞೆಯಾಯಿತು. 2015ರಲ್ಲಿ ಸರಕಾರದ ಪರವಾಗಿ ಅಟಾರ್ನಿ ಜನರಲ್ ಮುಕುಲ್ ರೋಹಟಗಿಯವರು ಖರಕ್‌ಸಿಂಗನ ತೀರ್ಪನ್ನೇ ಎತ್ತಿ ಹಿಡಿದು, ಖಾಸಗಿತನವೆಂಬ ಮೂಲಭೂತ ಹಕ್ಕೇ ಇಲ್ಲವೆಂದು ವಾದಿಸಿದರು. ಆ ವಾದದಿಂದಲೇ ಪ್ರಶ್ನೆಯು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗುವಂತಾಯಿತು.

2017ರ ಆಗಸ್ಟ್ 24ರಂದು ಒಂಬತ್ತು ಜನರೂ ಏಕಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ಹಿಂದೆ ಕರ್ಣಾಟಕದ ಉಚ್ಚ ನ್ಯಾಯಾಲಯದಲ್ಲಿದ್ದ ಎಸ್. ಅಬ್ದುಲ್ ನಜೀರರೂ ಅವರಲ್ಲಿ ಒಬ್ಬರು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಪ್ರಜೆಯ ಸ್ವಾತಂತ್ರ್ಯವನ್ನು ಸರಕಾರದ ಮರ್ಜಿಗೆ ಬಿಟ್ಟ ತೀರ್ಪಿನ ಪಕ್ಷದಲ್ಲಿದ್ದ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಮತವನ್ನು, ಈ ತೀರ್ಪಿನಲ್ಲಿ ಅವರ ಪುತ್ರರಾದ ಡಿ. ವೈ. ಚಂದ್ರಚೂಡರೇ ತಪ್ಪೆಂದು ಬರೆದರು. ಪುತ್ರಾದಿಚ್ಛೇತ್ಪರಾಜಯಂ ಎಂಬ ಮಾತಿಗೆ ನ್ಯಾಯಾಲಯದಲ್ಲಿ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯುವದು ಕಷ್ಟ.

ಆದರೆ ಹಕ್ಕಿದೆಯೆಂದು ಗೆದ್ದ ಪುಟ್ಟಸ್ವಾಮಿಯವರು ಆಧಾರದ ವಿಷಯದಲ್ಲಿ ಪೂರ್ಣವಾಗಿ ಗೆಲ್ಲಲಿಲ್ಲ. 2018ರ ಸೆಪ್ಟಂಬರ್ 26ರಂದು ಐವರ ಪೀಠದಲ್ಲಿ ನಾಲ್ವರು 2016ರ ಆಧಾರ್ ಕಾಯಿದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದರು. ಖಾಸಗಿ ಕಂಪನಿಗಳು ಅದನ್ನು ಕೇಳಲು ಆಸ್ಪದವಿದ್ದ ಭಾಗವನ್ನು ತೆಗೆದುಹಾಕಿದರು. ಮಕ್ಕಳ ಶಾಲಾಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡಬಾರದೆಂದರು. ಪಡಿತರಕ್ಕೆ ಬೆರಳನ್ನೊತ್ತುವದು ಉಳಿಯಿತು. ಕಳೆ ಕಿತ್ತು, ಕಲ್ಲು ಹೊತ್ತು, ಗೆರೆ ಸವೆದ ಬೆರಳುಗಳನ್ನು ಯಂತ್ರವು ಗುರುತಿಸದೆಹೋಗುವ ಕಷ್ಟವು ಹಳ್ಳಿಗಳಲ್ಲಿ ಎಲ್ಲರೂ ಬಲ್ಲದ್ದು. ತೀರ್ಪಿಗೆ ಮುಂಚೆ, 2017ರ ಜುಲೈಯಲ್ಲಿ, ಗೋಕರ್ಣದ ಸಮೀಪದಲ್ಲಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ಸತ್ತರು. ಆಧಾರ್ ಜೋಡಣೆಯಾಗದೆ ಅವರ ಪಡಿತರಚೀಟಿಯು ರದ್ದಾಗಿತ್ತೆಂದೂ ಹಸಿವೆಯೇ ಕಾರಣವೆಂದೂ ವಿಚಾರಣೆಗೆ ಹೋದ ನಾಗರಿಕ ಸಂಘದವರು ಹೇಳಿದರು; ಅಧಿಕಾರಿಗಳು ಹಸಿವೆಯ ಮಾತನ್ನು ಒಪ್ಪಲಿಲ್ಲ. ಇನಾಮು ಕಮಿಶನ್ನಿನ ತರ್ಕವು ನೂರರವತ್ತು ವರ್ಷಗಳ ತರುವಾಯವೂ ಸತ್ತಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸರಕಾರದ ದಫ್ತರದ ಜೊತೆಗೆ ಈಗ ವ್ಯಾಪಾರಿಗಳ ದಫ್ತರವೂ ಸೇರಿದೆ. ಅಂತರ್ಜಾಲದಲ್ಲಿ ಯಾರು ಏನನ್ನು ಓದಿದರು, ಎಷ್ಟು ಹೊತ್ತು ನಿಂತರು, ಏನನ್ನು ಕೊಂಡರು ಎಂಬುದನ್ನೆಲ್ಲ ಕಂಪನಿಗಳು ಬರೆದಿಟ್ಟುಕೊಳ್ಳುವವು. ಗೂಢಪುರುಷನಿಗೆ ಸಂಬಳವನ್ನಾದರೂ ಕೊಡಬೇಕಾಗಿದ್ದಿತು. ಇಲ್ಲಿ ತನ್ನ ಮೇಲಿನ ಗೂಢಚರ್ಯೆಯ ಯಂತ್ರವನ್ನು ಮನುಷ್ಯನು ತಾನೇ ದುಡ್ಡು ಕೊಟ್ಟು ಕೊಂಡು ತರುವನು. ಓಲೆಯನ್ನು ಮೂರನೆಯವರು ಓದದಂತೆ ಬೀಗಮುದ್ರೆಯಲ್ಲಿ ಒಯ್ಯುವ ಪ್ರೋಟಾನ್ ಮೇಲ್ ಎಂಬ ಸ್ವಿಸ್ ದೇಶದ ಅಂಚೆಯನ್ನು ತಡೆಯಬೇಕೆಂದು 2025ರ ಏಪ್ರಿಲಿನಲ್ಲಿ ಕರ್ಣಾಟಕದ ಉಚ್ಚ ನ್ಯಾಯಾಲಯವು ಕೇಂದ್ರ ಸರಕಾರಕ್ಕೆ ಆದೇಶವಿತ್ತಿತು. ಒಂದು ಸಂಸ್ಥೆಯ ಸ್ತ್ರೀಯರಿಗೆ ಆ ಅಂಚೆಯ ಮರೆಯಲ್ಲಿ ಹೊಲಸು ಪತ್ರಗಳು ಬಂದುದೇ ಖಟ್ಲೆಯ ಮೂಲವು. ನೊಂದವರ ದುಃಖವು ನಿಜವಾದುದು. ಒಬ್ಬ ನೀಚನು ಲಕೋಟೆಯೊಳಗೆ ಹೊಲಸನ್ನು ಕಳಿಸಿದನೆಂದು ಲಕೋಟೆಯ ಬಳಕೆಯನ್ನೇ ನಿಲ್ಲಿಸುವದು ಮಾತ್ರ ರೋಗಕ್ಕಿಂತ ದೊಡ್ಡ ಮದ್ದು.

ವಯಸ್ಸಿನ ಪರೀಕ್ಷೆಯೂ ಇದೇ ಕಾಲದಲ್ಲಿ ಬಂದಿದೆ. ಇಂಗ್ಲೆಂಡಿನಲ್ಲಿ 2023ರ ಕಾಯಿದೆಯ ಪ್ರಕಾರ 2025ರ ಜುಲೈ 25ರಿಂದ ಅಶ್ಲೀಲ ತಾಣಗಳು ನೋಡುವವರ ವಯಸ್ಸನ್ನು ಪರೀಕ್ಷಿಸಬೇಕಾಯಿತು. ಆಸ್ಟ್ರೇಲಿಯದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯು ನಿಷಿದ್ಧವಾಯಿತು. ಭಾರತದಲ್ಲಿ 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದು ಎಣಿಸಿ, ಅವರ ವಿವರಗಳನ್ನು ಬಳಸುವ ಮೊದಲು ತಂದೆತಾಯಿಗಳ ಪರಿಶೀಲಿಸಬಹುದಾದ ಸಮ್ಮತಿಯನ್ನು ಪಡೆಯಬೇಕೆಂದಿತು; ಮಕ್ಕಳ ಬೆನ್ನುಹತ್ತಿ ಜಾಹಿರಾತು ತೋರಿಸುವದನ್ನು ನಿಷೇಧಿಸಿತು. ಉದ್ದೇಶವು ಸ್ತುತ್ಯವೇ. ಆದರೆ ಬಾಲಕನು ಯಾರೆಂದು ತಿಳಿಯಬೇಕಾದರೆ ಬಾಗಿಲಿಗೆ ಬಂದ ಪ್ರತಿಯೊಬ್ಬನನ್ನೂ ತಡೆದು ನೀನು ಬಾಲಕನಲ್ಲವೆಂಬುದಕ್ಕೆ ಪ್ರಮಾಣವೇನೆಂದು ಕೇಳಬೇಕಾಗುವದು. ಎಪ್ಪತ್ತು ವರ್ಷದ ಮುದುಕನೂ ಮುಖ ತೋರಿಸಬೇಕು, ಇಲ್ಲವೆ ಚೀಟಿ ತೋರಿಸಬೇಕು. ವಯಸ್ಸನ್ನು ಕೇಳುವ ನೆವದಿಂದ ಹೆಸರು, ಊರು, ಮುಖ ಎಲ್ಲವೂ ಕೈಬದಲಾಗುವವು. ಹೆಸರನ್ನು ಹೇಳದೆ ಹದಿನೆಂಟು ತುಂಬಿದೆಯೆಂಬಷ್ಟನ್ನೇ ಸಾಕ್ಷೀಕರಿಸುವ ಚೀಟಿಯು ಗಣಿತದ ಬಲದಿಂದ ಸಾಧ್ಯವೆಂದು ತಜ್ಞರು ತೋರಿಸಿದ್ದಾರೆ. ಮಾಸ್ತರನ ಕಿವಿಮುಟ್ಟಿಸುವ ಪರೀಕ್ಷೆಯೂ ಒಂದರ್ಥದಲ್ಲಿ ಅಂಥದೇ: ಅದು ಮಗುವಿನ ಹೆಸರನ್ನು ಕೇಳುತ್ತಿರಲಿಲ್ಲ, ಅಚ್ಚು ಉಳಿಸಿಕೊಳ್ಳುತ್ತಲೂ ಇರಲಿಲ್ಲ.

ಇದೇ 2023ರ ಕಾಯಿದೆಯ 17ನೆಯ ಕಲಮಿನಲ್ಲಿ ಸರಕಾರವು ತನ್ನ ಅಂಗಸಂಸ್ಥೆಗಳನ್ನು ದೇಶದ ಭದ್ರತೆ, ಶಾಂತಿಪಾಲನೆ ಮುಂತಾದ ಕಾರಣಗಳಿಗಾಗಿ ಅದರ ಕಟ್ಟುಗಳಿಂದ ಬಿಡಿಸಿಕೊಳ್ಳುವ ಅಧಿಕಾರವನ್ನು ಇಟ್ಟುಕೊಂಡಿದೆ. ಪುಟ್ಟಸ್ವಾಮಿಯವರು ಈ ಕಾಯಿದೆಯು ಪಾಸಾದುದನ್ನು ಕಂಡರು. ಅದರ ನಿಯಮಗಳು ಹೊರಬಂದುದು 2025ರ ನವಂಬರದಲ್ಲಿ. ಸಮ್ಮತಿಯ ನಿಯಮಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಅವಧಿಯನ್ನು ಇಟ್ಟರು. ಅಷ್ಟರೊಳಗೆ ಅವರು 2024ರ ಅಕ್ಟೋಬರ್ 28ರಂದು, ತೊಂಬತ್ತೆಂಟನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡಿದ್ದರು.